ಬರೀ ತೊರ್ಸೆಲ್ಲಿ

“ಇವೋ!” ಎಂದು ಲೊರೆದಾನಾ ಕೂಗಿದಾಗ ಗಾಲಿ ಏಣಿಯ ಮೇಲಿದ್ದವನು ತಿರುಗಲಿಲ್ಲ. ಶವಪೆಟ್ಟಿಗೆಗಳನ್ನು ಗೂಡುಗಳಲ್ಲಿಟ್ಟು ಕಲ್ಲು ಮುಚ್ಚುವ ಸ್ಮಶಾನದ ಗೋಡೆಯಲ್ಲಿ, ಮೇಲಿನ ಸಾಲಿನಲ್ಲಿದ್ದ ಅವಳ ಅಪ್ಪನ ಗೂಡಿನ ಮುಂದೆ ನಿಂತು, ಕಲ್ಲಿನ ಮೇಲಿನ ಹಿತ್ತಾಳೆ ಅಕ್ಷರಗಳನ್ನು ಕರವಸ್ತ್ರದಿಂದ ಒಂದೊಂದಾಗಿ ಉಜ್ಜುತ್ತಿದ್ದ. ಪಕ್ಕದ ಹೂದಾನಿಯಲ್ಲಿ ಹಳದಿ ಸೇವಂತಿಗೆ. ಪ್ರತಿ ವರ್ಷದ ಅದೇ ಸೇವಂತಿಗೆ.

ಕೆಲವು ವರ್ಷಗಳಿಂದ ಹೀಗೇ. ನವೆಂಬರಿನ ಸತ್ತವರ ದಿನ ಅವಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಯಾರೋ ಹೂವಿಟ್ಟು ಹೋಗಿರುತ್ತಿದ್ದರು. ಅಪ್ಪ ತೀರಿಕೊಂಡ ವಾರದಲ್ಲೇ ಮನೆ ಮಾರುವ ಮಾತಿಗೆ ಜಗಳವಾಡಿ ಊರು ಬಿಟ್ಟ ಅಣ್ಣ ಇವೋನಲ್ಲದೆ ಇನ್ಯಾರು ಇಟ್ಟಾರು? ಗೇಟಿನ ಹತ್ತಿರ ದೀಪ ಮಾರುವ ಅದೆಲ್ಮಾ ಕೂಡ, “ನಿಮ್ಮಣ್ಣನೇ ಇರ್ಬೇಕು ಕಣೇ, ನಿನ್ನ ಕಣ್ಣಿಗೆ ಬೀಳೋಕೆ ಮುಖ ಇಲ್ಲ ಅವನಿಗೆ” ಅಂದಿದ್ದಳು. ಈ ಸಲ ಲೊರೆದಾನಾ ರಜೆ ಹಾಕಿ, ಗೇಟು ತೆಗೆಯುವ ಹೊತ್ತಿಗೇ ಬಂದಿದ್ದಳು. ಭುಜದ ಚೀಲದಲ್ಲಿ ಒಂದು ಡಬ್ಬಿ. ಇವೋನಿಗೆ ಇಷ್ಟವೆಂದು ಮಾಂಸ ತುಂಬಿ ಮಡಚಿದ ಪುಟ್ಟ ಕಡುಬು, ಕಪ್ಪೆಲೆತ್ತಿ. ಮನೆಗೆ ಬಾ ಎಂದರೆ ಬಾರದಿದ್ದರೂ ಇದನ್ನಾದರೂ ತೆಗೆದುಕೊಂಡು ಹೋಗಲಿ ಎಂದು.

“ಇವೋ!” ಮತ್ತೆ ಕೂಗಿದಳು.

ಈ ಸಲ ಅವನು ತಿರುಗಿದ. ಬಿಳಿ ಹುಬ್ಬಿನ, ಕೆನ್ನೆ ಒಳಗೆ ಹೋದ ಮುದುಕ.

“ನನ್ನನ್ನಾ ತಾಯಿ? ಕಿವಿ ಸ್ವಲ್ಪ ಮಂದ.”

“ಅಲ್ಲಿ ಏನ್ ಮಾಡ್ತಿದೀರಿ ಅಜ್ಜಾ?”

“ಕಾಣಲ್ವಾ? ಚಾಂಪಿಯನ್ನರಿಗೆ ಮುಖ ತೊಳೆಸ್ತಿದೀನಿ. ಗಾಸ್ತೋನೆ ತೊರ್ಸೆಲ್ಲಿ! ಗೇಟಿನ ಫಲಕದಲ್ಲಿ ಓದಲಿಲ್ವಾ? ಅಂಥಾ ಮನುಷ್ಯ, ಒಂದು ದೀಪ ಹಚ್ಚೋರೂ ಇಲ್ಲ ನೋಡು.”

ಊರಿನಲ್ಲಿ ಎಷ್ಟೋ ಮನೆಗಳ ಅಡ್ಡಹೆಸರು ತೊರ್ಸೆಲ್ಲಿ; ಅವರಲ್ಲಿ ಹೆಸರಾಂತವರ ಫಲಕ ಅದು. ಒಬ್ಬ ಬಿಷಪ್, ಒಬ್ಬಳು ಗಾಯಕಿ, ಕುದುರೆಗಳನ್ನು ಕೆತ್ತುತ್ತಿದ್ದ ಒಬ್ಬ ಶಿಲ್ಪಿ, ಕೊನೆಯಲ್ಲಿ ಸೈಕಲ್ ಪಂದ್ಯದ ಗಾಸ್ತೋನೆ. ಅವಳ ಅಪ್ಪ ಗ್ವಿದೋ ಕೂಡ ತೊರ್ಸೆಲ್ಲಿಯೇ, ಆದರೆ ರೈಲ್ವೆ ಗೇಟು ಇಳಿಸಿ ಏರಿಸುತ್ತಿದ್ದವನು; ಫಲಕದಲ್ಲಿ ಅವನಿಗೆ ಜಾಗವಿರಲಿಲ್ಲ. ಗೂಡಿನ ಮೇಲೂ ಈಗ ಅವನ ಹೆಸರು ಉಳಿದಿರಲಿಲ್ಲ. ಹಿತ್ತಾಳೆ ಕಳ್ಳರು ‘ಗ್ವಿದೋ’ವನ್ನೂ ಇಸವಿಗಳನ್ನೂ ಫೋಟೋದ ಚೌಕಟ್ಟನ್ನೂ ಕಿತ್ತಿದ್ದರು. ಅಷ್ಟರಲ್ಲಿ ಯಾರೋ ಬಂದಿರಬೇಕು, ಓಡಿಹೋಗಿದ್ದರು. ಉಳಿದದ್ದು ಬರೀ ‘ತೊರ್ಸೆಲ್ಲಿ’. ಇವೋ ಬರಲಿ, ಇಬ್ಬರೂ ಸೇರಿ ಹಾಕಿಸೋಣ ಎಂದು ಅವಳು ಹಾಗೇ ಬಿಟ್ಟಿದ್ದಳು. ಹೂ ಬರತೊಡಗಿದ್ದು ಆ ಕಳ್ಳತನದ ನಂತರವೇ. ಅದು ಅವಳಿಗೆ ಹೊಳೆದದ್ದು ಈಗ.

“ನೀನು ಇವರಿಗೆ ಏನಾಗ್ಬೇಕು?” ಮುದುಕ ಕೇಳಿದ.

“ಮಗಳು.”

ಅವನು ಏಣಿಯಿಂದ ಇಳಿದ ರಭಸಕ್ಕೆ ಬಿದ್ದೇ ಹೋಗುತ್ತಿದ್ದ. ಅವಳ ಎರಡೂ ಕೈ ಹಿಡಿದುಕೊಂಡ. “ಮನೇಲಿ ಯಾವತ್ತಾದ್ರೂ ಹೇಳಿದ್ರಾ, ಪಂದ್ಯದಲ್ಲಿ ಘಾಟಿ ಏರುವಾಗ ಕತ್ತಿನ ಮೇಲೆ ನೀರು ಸುರಿದ ಹುಡುಗನ ವಿಷ್ಯ? ಅದು ನಾನೇ! ‘ದೇವರು ನಿನ್ನ ಚೆನ್ನಾಗಿಟ್ಟಿರಲಿ’ ಅಂದಿದ್ರು. ಹೇಳಿದ್ರಾ?”

ಹೂಂ ಎಂದರೆ ಸಾಕಿತ್ತು. ಬರುವ ವರ್ಷವೂ ಅಪ್ಪನ ಗೂಡಿನಲ್ಲಿ ಸೇವಂತಿಗೆ ಇರುತ್ತಿತ್ತು. ಲೊರೆದಾನಾ ಅವನ ಕೈಯೊಳಗಿದ್ದ ತನ್ನ ಕೈಗಳನ್ನು ನೋಡಿದಳು. ಎಷ್ಟೋ ದಿನಗಳಿಂದ ಅವನ್ನು ಯಾರೂ ಹಿಡಿದಿರಲಿಲ್ಲ.

“ಅಜ್ಜಾ, ನಮ್ಮಪ್ಪನಿಗೆ ಸೈಕಲ್ ಹೊಡೆಯೋಕೇ ಬರ್ತಿರ್ಲಿಲ್ಲ.”

ಮುದುಕ ಗಟ್ಟಿಯಾಗಿ ನಕ್ಕ. “ಒಳ್ಳೇ ತಮಾಷೆ ಹುಡುಗಿ ಕಣಮ್ಮ ನೀನು!” ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

“ನಿಮ್ಮ ಗಾಸ್ತೋನೆ ಇರೋದು ಹೆಂಡತಿ ಊರಿನ ಸ್ಮಶಾನದಲ್ಲಿ, ಬೆಟ್ಟದಾಚೆ. ಹುಟ್ಟಿದ್ದಷ್ಟೇ ಇಲ್ಲಿ. ಇದು ನಮ್ಮಪ್ಪ, ಗ್ವಿದೋ. ಹೆಸರನ್ನ ಕಳ್ಳರು ಒಯ್ದರು.”

ಅವನು ಗೂಡಿನ ಕಡೆ ಕತ್ತೆತ್ತಿದ. “ಹಾಗಾದ್ರೆ ಇಷ್ಟು ವರ್ಷ ನನ್ನ ಗೋಳೆಲ್ಲ ಕೇಳಿಸ್ಕೊಂಡಿದ್ದು ಯಾರು? ಹೆಂಡ್ತಿ ಹೋಗಿದ್ದು, ಮಂಡಿ ನೋವು, ಎಲ್ಲಾ ಇಲ್ಲೇ ಹೇಳಿದೀನಲ್ಲ.”

“ಅಪ್ಪನೇ ಇರ್ಬೇಕು. ರೈಲ್ವೆ ಗೇಟು ಕಾಯ್ತಿದ್ರು; ಗೇಟು ಹಾಕಿದಾಗ ನಿಂತವರೆಲ್ಲ ಅವರ ಹತ್ರ ಏನಾದ್ರೂ ಹೇಳ್ಕೊಳ್ತಿದ್ರು. ಕೇಳಿ ಅಭ್ಯಾಸ ಇತ್ತು.” ಅವಳೇ ಏಣಿ ಹತ್ತಿ ಸೇವಂತಿಗೆಯನ್ನು ತೆಗೆದು ಅವನಿಗೆ ಕೊಟ್ಟಳು. “ಈಗ ಹೊರಟ್ರೆ ಬೆಟ್ಟದ ಕಡೆ ಬಸ್ಸು ಸಿಗುತ್ತೆ.”

ಮುದುಕ ಹೂಗಳನ್ನು ಎರಡು ಪಾಲು ಮಾಡಿದ. ಒಂದು ಪಾಲನ್ನು ಅವಳಿಗೇ ವಾಪಸು ಕೊಟ್ಟ. “ಇವರಿಗೂ ಇರ್ಲಿ. ಇಷ್ಟು ಪರಿಚಯ ಆದ್ಮೇಲೆ ಬರಿಗೈಯಲ್ಲಿ ಬಿಟ್ಟು ಹೋಗೋಕಾಗುತ್ತಾ?” ಕುಂಟುತ್ತ ಹಿಂದಿನ ಬಾಗಿಲಿನ ಕಡೆ ನಡೆದವನು ಅರ್ಧ ದಾರಿಯಲ್ಲಿ ನಿಂತು ಕೇಳಿದ: “ಇವೋ ಅಂತ ಕೂಗಿದ್ಯಲ್ಲ, ಅದ್ಯಾರು?”

ಉತ್ತರ ಅವನ ಕಿವಿಗೆ ಬೀಳುವಷ್ಟು ಜೋರಾಗಿ ಅವಳು ಹೇಳಲಿಲ್ಲ.

ಲೊರೆದಾನಾ ಮುಂದಿನ ಗೇಟಿಗೆ ಬಂದಾಗ ಅದೆಲ್ಮಾ ದೀಪಗಳನ್ನು ಜೋಡಿಸುತ್ತಿದ್ದಳು. “ಏನೇ, ಇಷ್ಟು ಬೇಗ? ಸಿಕ್ಕಿದ್ನಾ ಅಣ್ಣ?”

“ಸಿಕ್ಕಿದ.”

“ಅಯ್ಯೋ ದಡ್ಡಿ, ಮತ್ತೆ ಊಟಕ್ಕೆ ಕರ್ಕೊಂಡು ಹೋಗಬಾರ್ದಿತ್ತಾ?”

“ಬಸ್ಸಿಗೆ ಹೊತ್ತಾಯ್ತು ಅಂದ. ಕಟ್ಟಿ ಕೊಟ್ಟೆ” ಎಂದಳು ಲೊರೆದಾನಾ. ಅನ್ನುತ್ತಲೇ ಚೀಲವನ್ನು ಅದೆಲ್ಮಾಗೆ ಕಾಣದ ಕಡೆಯ ಭುಜಕ್ಕೆ ಬದಲಾಯಿಸಿಕೊಂಡಳು. ರಸ್ತೆಯ ತಿರುವಿನವರೆಗೂ ಡಬ್ಬಿಯ ಮೂಲೆ ಅವಳ ಪಕ್ಕೆಗೆ ಒತ್ತುತ್ತಲೇ ಇತ್ತು.