ಕೈ ಹಿಡಿಯುವವನು

"ನನ್ನ ಪಾಸ್‌ವರ್ಡ್ ಕದ್ದಾಂವ ನೀನ ಹೌದಲ್ಲೋ?"

ಗುರುಸಂಗಪ್ಪ ಬಾಯಿ ತೆರೆಯುವ ಮೊದಲೇ ಅವನ ಹಣೆ ಕೀಬೋರ್ಡಿಗೆ ಬಡಿಯಿತು. ಗುಂಡಿಗಳು ಕಿತ್ತು ನೆಲಕ್ಕುರುಳಿದವು. ಗಜೇಂದ್ರಗಡದಲ್ಲಿ ಅವನು ನಡೆಸುತ್ತಿದ್ದ ಇಂಟರ್‌ನೆಟ್ ಅಂಗಡಿಯಲ್ಲಿ ಕೂತಿದ್ದ ಗಿರಾಕಿಗಳು ಚಪ್ಪಲಿ ಸಹ ಮೆಟ್ಟದೆ ಹೊರಗೋಡಿದರು. ಅಮರೇಶನ ಕೈಗೆ ಸಿಕ್ಕವರ ಪಾಡು ಊರಿಗೆಲ್ಲ ಗೊತ್ತಿದ್ದದ್ದೇ. ಅವನು ಶಟರ್ ಎಳೆದ.

ಗರಡಿಯ ತಾಲೀಮಿನಲ್ಲಿ ಬೆಳೆದ ಮೈ ಅವನದು. ಈಗ ಸ್ವಂತ ಜಿಮ್ಮು ಇಟ್ಟಿದ್ದ. ಕೂತರೂ ನಿಂತರೂ ಕೈಯಲ್ಲೊಂದು ಸ್ಪ್ರಿಂಗು, ಅದನ್ನು ಅಮುಕುತ್ತಲೇ ಇರುವುದು. ಜಿಮ್ಮಿಗೆ ಬಂದವರಿಗೆ ಅವನು ಹೇಳುವುದು ಒಂದೇ ಮಾತು: "ಎದಿ ಯಾರದರ ಉಬ್ಬತೈತಿ. ತಾಕತ್ತ ಇರೂದು ಹಿಡಿತದಾಗ."

ಬೆಳಿಗ್ಗೆ ನರಗುಂದದಿಂದ ಫೋನ್ ಬಂದಿತ್ತು. ಮಾತಾಡಿದವರು ಬಟ್ಟೆ ಅಂಗಡಿಯ ಅಜ್ಜಪ್ಪ, ಅಮರೇಶನಿಗೆ ಮಾವನಾಗಬೇಕಾದವರು.

"ನಿನ್ನ ಮೇಲ್‌ನಿಂದ ನನ್ನ ಮಗಳಿಗೆ ಹೊಲಸ ಹೊಲಸ ಬೈಗುಳ ಬಂದಾವ. ಕೈ ಮುರೀತೀನಿ ಅಂತ ಬರದೀಯಲ್ಲ? ಉಳದದ್ದ ಹೇಳಾಕ ನನಗ ನಾಚಿಕಿ ಬರತೈತಿ. ಉಂಗುರ ವಾಪಸ್ ಕಳಸ್ತೀನಿ."

"ನಾ ಬರದಿಲ್ರಿ ಮಾವ! ದೇವರಾಣಿ!"

"ಹಂಗಾರ ಬರದಾಂವನ್ನ ಇವತ್ತ ಸಂಜಿ ಒಳಗ ನನ್ನ ಜೋಡಿ ಮಾತಾಡಸು. ಇಲ್ಲಂದ್ರ ಈ ಲಗ್ನ ಇಲ್ಲ."

ಖರೆ ಹೇಳಬೇಕೆಂದರೆ ಅಮರೇಶ ಬರೆದಿರಲಿಲ್ಲ. ಅಜ್ಜಪ್ಪನ ಮಗಳು ಚಿನ್ನು ಎಂದರೆ ಅವನಿಗೆ ಜೀವ. ಅವಳು ಕೈತಪ್ಪುವುದನ್ನು ಅವನು ಸಹಿಸುವ ಮಾತೇ ಇರಲಿಲ್ಲ. ಕಳ್ಳ ಯಾರೆಂದು ಯೋಚಿಸಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೈಲ್ವಾನರು ಇದೇ ಅಂಗಡಿಗೆ ಬಂದು ಟೈಪು ಮಾಡುವುದು ಒಂದೇ ಬೆರಳಿನಲ್ಲಿ; ಒಂದೊಂದೇ ಅಕ್ಷರ ಹುಡುಕುತ್ತ, ಜಪ ಮಾಡುವವರ ಹಾಗೆ ಗೊಣಗುತ್ತ. ಬೆನ್ನ ಹಿಂದೆಯೇ ಗುರುಸಂಗಪ್ಪನ ಕುರ್ಚಿ. ಇನ್ನಾರು ಕದಿಯಬೇಕು?

"ಅಣ್ಣಾರ, ಪಾಸ್‌ವರ್ಡ್ ಹೊಡದ್ರ ನಮಗೂ ಬರೇ ಚುಕ್ಕಿನ ಕಾಣ್ತಾವ್ರಿ," ಗುರುಸಂಗಪ್ಪ ಮೂಗಿನ ರಕ್ತ ಒರೆಸಿಕೊಂಡ. ಗೋಡೆಯ ಮೇಲೆ ಅವನೇ ಅಂಟಿಸಿದ್ದ ಚೀಟಿ ಇತ್ತು: ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. "ನೀವ ಯಾರ ಮುಂದರ ಹೇಳೀರೇನು, ನೆನಪ ಮಾಡ್ಕೋರಿ."

"ಯಾರ ಮುಂದೂ ಬಾಯಿ ಬಿಟ್ಟಿಲ್ಲ!" ಅಮರೇಶ ಮೊಣಕಾಲಿನಿಂದ ಅವನ ಪಕ್ಕೆಗೆ ಗುದ್ದಿದ.

ಅದು ಸುಳ್ಳಲ್ಲ. ಪಾಸ್‌ವರ್ಡು ಚಿನ್ನುವಿನ ಹೆಸರೇ ಆಗಿದ್ದರೂ ಅವಳಿಗೂ ಅವನು ಬಾಯಿಬಿಟ್ಟು ಹೇಳಿದವನಲ್ಲ. ಅದೊಂದು ಸಿಹಿ ನೆನಪು. ಹೋದ ತಿಂಗಳು ಅವಳನ್ನು ರೈಲು ಹತ್ತಿಸಲು ಹೊಳೆಆಲೂರು ಸ್ಟೇಶನ್ನಿಗೆ ಹೋಗಿದ್ದ. ಜೊತೆಗಿದ್ದ ಅವಳ ಸೋದರತ್ತೆ ಟಿಕೆಟ್ ತರಲು ಹೋದಾಗ ಬೇವಿನ ಮರದ ಕೆಳಗೆ ಇಬ್ಬರೇ ಉಳಿದರು. ಲಗ್ನವಾದ ಮೇಲೂ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆಂದಳು ಚಿನ್ನು. ಅವನು ಅವಳ ಮಣಿಕಟ್ಟು ಹಿಡಿದು, ಬೇಡ ಎಂದ. ಅವಳು ಬಿಡಿಸಿಕೊಳ್ಳಲು ನೋಡಿದಳು. ನಾಚಿಕೆ ಇರಬೇಕೆಂದು ಅವನು ಇನ್ನಷ್ಟು ಬಿಗಿಯಾಗಿ ಹಿಡಿದ. ಹಸಿರು ಬಳೆಗಳು ಚಟಚಟನೆ ಒಡೆದವು. ಅವಳು ಚೀರಲಿಲ್ಲ, ಅದು ಅವನಿಗೆ ಬಹಳ ಹಿಡಿಸಿತು. ಖುಷಿಯಲ್ಲಿ ಅವಳ ಅಂಗೈ ಬಿಡಿಸಿ, "ನನ್ನ ಮೇಲ್ ಸುದ್ದಾ ನಿನ್ನ ಹೆಸರಿಲ್ಲದ ಬಾಗಲಾ ತಗಿಯೂದಿಲ್ಲ" ಎಂದು, ಆ ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರವಾಗಿ ಬೆರಳಿನಿಂದ ಬರೆದು ತೋರಿಸಿದ್ದ. ಅವಳು ಅಂಗೈ ಮುಚ್ಚಿಕೊಂಡಿದ್ದಳು.

ಅಂಥ ಹುಡುಗಿಯನ್ನು ಈ ಹಂದಿ ಅಗಲಿಸುವುದೆ? ಅಮರೇಶ ಮೊಬೈಲ್ ತೆಗೆದು ಅಜ್ಜಪ್ಪನ ನಂಬರ್ ಒತ್ತಿದ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಗುರುಸಂಗಪ್ಪನ ಕೈ ಹಿಂದಕ್ಕೆ ತಿರುವಿದ.

"ಹೇಳು," ಎಂದ ಅಮರೇಶ.

"ನಾ ಬರದಿಲ್ಲ ಅಂದ್ರ ಏನ ಹೇಳಲ್ರಿ..."

ಅಮರೇಶ ಹಿಡಿತ ಬಿಗಿಮಾಡಿದ. ಜೋಳದ ದಂಟು ಮುರಿದಂಥ ಸದ್ದಾಯಿತು. ಗುರುಸಂಗಪ್ಪನ ಚೀರಾಟಕ್ಕೆ ಶಟರಿನ ಹೊರಗೆ ನೆರೆದವರೂ ಹಿಂದೆ ಸರಿದರು.

"ನಾನ ಬರದೇನ್ರೀ ಸಾವ್ಕಾರ್ರ! ನಾನ! ಬಿಡಸ್ರೀ!"

ಅಮರೇಶ ಬೆವರು ಒರೆಸಿಕೊಂಡು ನಕ್ಕ. ಲಗ್ನ ಉಳಿಯಿತು. "ಕೇಳಿದ್ರಿಲ್ರಿ ಮಾವ?"

"ಕೇಳಿದೆ," ಎಂದರು ಅಜ್ಜಪ್ಪ. "ತಮ್ಮಾ, ನೀನ ಬರದಿದ್ರ ಹೇಳು. ಬಳಿ ಎಲ್ಲಿ ಒಡದಾವ ಅಂತ ಬರದಿ?"

"ಯಾವ... ಯಾವ ಬಳಿರಿ?" ಗುರುಸಂಗಪ್ಪ ನರಳಿದ.

"ಹೇಳೋ ಮಗನ!" ಅಮರೇಶ ಮುರಿದ ಕೈಯನ್ನೇ ಮತ್ತೆ ತಿರುವಿದ.

"ಗೊತ್ತಿಲ್ರೀ ಯವ್ವಾ! ಗೊತ್ತಿಲ್ಲ!"

"ಅವನ್ನ ಬಿಡು, ಅಮರೇಶಾ." ಅಜ್ಜಪ್ಪನ ದನಿ ತಣ್ಣಗಿತ್ತು. "ಮೇಲ್‌ನ್ಯಾಗ ಹಿಂಗ ಐತಿ. 'ಹೊಳೆಆಲೂರ ಸ್ಟೇಶನ್ನಾಗ ಬೇವಿನ ಗಿಡದ ಬುಡಕ ಬರೇ ಬಳಿ ಒಡದಾವ, ಲಗ್ನ ಆಗಲಿ, ಕೈನ ಮುರೀತೀನಿ.' ಅವತ್ತ ಮಗಳು ಬಾಯಿಲೆ ಹೇಳಿದಾಗ ನಾ ನಂಬಲಿಲ್ಲ. ಹುಡುಗ ಭಾಳ ಚಲೋ ಅದಾನ, ನಿನಗ ಕಲ್ಯಾಕ ಹೋಗೂ ಹುಚ್ಚು ಅಂತ ಆಕಿನ್ನ ಬೈದೆ. ಈಗ ಬಾಜೂಕ ಕುಂತಾಳ. ನಾನೂ ಕೇಳಿದೆ, ಆಕಿನೂ ಕೇಳಿದ್ಲು."

ಫೋನ್ ಕಟ್ಟಾಯಿತು. ಅಮರೇಶನ ಬೆರಳುಗಳು ತಾವಾಗಿಯೇ ಸಡಿಲಗೊಂಡವು. ಗುರುಸಂಗಪ್ಪ ಕೈಯನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಕುಸಿದ. ಯಾರೋ ಹೊರಗಿನಿಂದ ಶಟರ್ ಬಡಿಯುತ್ತಿದ್ದರು.

ಬೇವಿನ ಮರದ ಕೆಳಗೆ ಅವತ್ತು ಇದ್ದವರು ಇಬ್ಬರೇ. ಆ ಮೇಲ್ ಅಮರೇಶ ಬರೆದಿರಲಿಲ್ಲ.