ಮುಡಿದಿಳಿದ ಮಲ್ಲಿಗೆ

ಫೋನಿನ ಚಿತ್ರಗಳಿಗೆ ಪರಿಮಳ ಬಂದ ಮೇಲೆ ಪುಟ್ಟತಾಯಮ್ಮನ ಹೂವಿನಂಗಡಿಗೆ ಹೊಸ ಕಳೆ ಬಂದಿತ್ತು. ಮಗಳು ಮಂಗಳ ಬೆಳಿಗ್ಗೆ ಮಲ್ಲಿಗೆ ಮಾಲೆಯ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕಿದರೆ ಊರೆಲ್ಲ ಅದನ್ನು ಮೂಸಿ ಹೂವಿಗೆ ಹೇಳಿಕಳಿಸುತ್ತಿತ್ತು.

ಒಂದು ದಿನ ಗುಡಿಯ ಅರ್ಚಕರು, ಪುಟ್ಟತಾಯಮ್ಮ ದಿನವೂ ದೇವರಿಗೆ ಕೊಡುತ್ತಿದ್ದ ಮಾಲೆಯನ್ನು ಹಿಂದಕ್ಕೆ ಕೊಟ್ಟರು. "ಊರವರೆಲ್ಲ ಮೂಸಿದ ಹೂವನ್ನ ದೇವರಿಗೆ ಹೇಗಮ್ಮ ಏರಿಸಲಿ? ಹೀಗಾದ್ರೆ ಬೇರೆ ಕಡೆ ತಗೋಬೇಕಾಗುತ್ತೆ."

ಪುಟ್ಟತಾಯಮ್ಮ ಮಾಲೆ ಹಿಡಿದು ಮಗಳ ಬಳಿ ಬಂದಳು. ಗಂಡ ಹೋದ ದುಃಖದಲ್ಲೂ ಆಕೆ ಬಿಡದ ಸೇವೆ ಅದು.

"ಚಿತ್ರ ಹಾಕೋದು ಬಿಟ್ಬಿಡೇ."

"ಬಿಟ್ರೆ ಅಂಗಡಿ ಮುಚ್ಚಬೇಕಾಗುತ್ತೆ. ತಡಿಯಮ್ಮ."

ಮರುದಿನ ಮಂಗಳ ತಾಜಾ ಹೂವಿನ ಚಿತ್ರ ತೆಗೆಯಲಿಲ್ಲ; ಯಾರೂ ಮೂಸದ ಮಾಲೆ ನೇರ ಗುಡಿಗೆ ಹೋಯಿತು. ಪೂಜೆ ಮುಗಿದು, ದೇವರ ಕೊರಳಿಂದ ಇಳಿದು ಪ್ರಸಾದವಾಗಿ ಬಂದ ಮಾಲೆಯನ್ನು ಬಾಳೆಯೆಲೆಯ ಮೇಲಿಟ್ಟು ಅದರ ಚಿತ್ರ ಹಾಕಿದಳು. ಪ್ರಸಾದವನ್ನು ಯಾರು ಮೂಸಿದರೂ ದೋಷವಿಲ್ಲ.

"ಬಾಡಿದ ಹೂವ ಯಾರೇ ಕೊಳ್ತಾರೆ?" ಎಂದು ತಾಯಿ ಗೊಣಗಿದಳು.

ಮಲ್ಲಿಗೆಯೊಡನೆ ಕರ್ಪೂರ, ಗಂಧ, ತುಪ್ಪದ ದೀಪದ ವಾಸನೆ ಬೆರೆತು ಮನೆಮನೆಯ ಫೋನಿನಲ್ಲಿ ಹರಡಿತು. ದೇವರು ಮುಡಿಯುವ ಹೂವೇ ನಮಗೂ ಬೇಕೆಂದು ಜನ ಅಂಗಡಿಗೂ ಗುಡಿಗೂ ಮುಗಿಬಿದ್ದರು. ಅರ್ಚಕರು ತಾವೇ ಅಂಗಡಿಗೆ ಬಂದರು.

"ನಾಳೆಯಿಂದ ಇನ್ನೊಂದು ಮಾರು ಹೆಚ್ಚಿಗೆ ಕಟ್ಟಿಯಮ್ಮ. ನಿಮ್ಮ ಹುಡುಗಿ ಜಾಣೆ."

ಪುಟ್ಟತಾಯಮ್ಮ ಮಗಳ ಫೋನನ್ನು ತೆಗೆದುಕೊಂಡು ಮೊದಲು ಕಣ್ಣಿಗೊತ್ತಿಕೊಂಡಳು, ಆಮೇಲೆ ಮೂಸಿದಳು.