ಮೊದಲು ಬಲ್ಬಿಗೆ

ಗಂಡ ಹಳೆಯ ಸ್ಟೀರಿಯೊ ರಿಸೀವರಿನ ಪ್ಲಗ್ಗನ್ನು ಗೋಡೆಯತ್ತ ಒಯ್ಯುವಷ್ಟರಲ್ಲಿ ಹೆಂಡತಿ ಸಾಕೆಟ್ಟಿಗೆ ಅಂಗೈ ಅಡ್ಡವಿಟ್ಟಳು. "ಮೊದಲು ಬಲ್ಬಿಗೆ ಹಾಕಿ."

"ಮತ್ತೆ ನಿಮ್ಮಪ್ಪನ ಬಲ್ಬಾ? ಎಲ್ಲಾ ಸರಿಯಾಗಿದೆ ಕಣೇ, ನಾನೇ ನೋಡಿದೀನಿ."

"ಹೋದ ಸಲಾನೂ ನೀವೇ ನೋಡಿದ್ರಿ."

ಹೋದ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು. ಈಗ ಹಾಕಿರುವುದು ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಜೋಡಿ; ಅಂಥವನ್ನು ಈಗ ಯಾರೂ ತಯಾರಿಸುವುದಿಲ್ಲ. ಅವನು ಗೊಣಗುತ್ತಲೇ ಪ್ಲಗ್ಗನ್ನು ಅವಳಪ್ಪ ಬಲ್ಬು ಕೂರಿಸಿ ಮಾಡಿಕೊಟ್ಟಿದ್ದ ಹಲಗೆಗೆ ಚುಚ್ಚಿದ. ಕರೆಂಟು ಬಲ್ಬನ್ನು ಹಾದು ರಿಸೀವರಿಗೆ ಹೋಗುವ ಹಲಗೆ ಅದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಟ್ರಾನ್ಸಿಸ್ಟರು ಉಳಿಯುತ್ತದೆ. ಸ್ವಿಚ್ ಒತ್ತಿದ್ದೇ ತಡ, ಬಲ್ಬು ಝಗ್ಗನೆ ಉರಿಯಿತು.

ಅವಳು ಸ್ವಿಚ್ ಆರಿಸಿ, ಟ್ರಾನ್ಸಿಸ್ಟರು ಬಿಚ್ಚಿ, ಅದು ಲೋಹಕ್ಕೆ ತಾಗದಂತೆ ಅಡಿಯಲ್ಲಿಡುವ ಮೈಕಾ ಹಾಳೆಯನ್ನು ಬೆಳಕಿಗೆ ಹಿಡಿದಳು. ಸೂಜಿಮೊನೆಯಷ್ಟು ತೂತು. ಪ್ರತಿ ಸಲವೂ ಅವನು ಹಳೆಯ ಹಾಳೆಯನ್ನೇ ಒರೆಸಿ ಹಾಕುತ್ತಿದ್ದ. ಅವಳು ಹೊಸದನ್ನು ಹಾಕಿ ಬಿಗಿದಳು.

ಈ ಸಲ ಬಲ್ಬು ಒಮ್ಮೆ ಮಿನುಗಿ, ಕೆಂಪಾಗಿ, ಮೆಲ್ಲಗೆ ಆರಿತು. ಸತ್ತಿದ್ದ ಎಡ ಸ್ಪೀಕರು ಗೊರಗುಟ್ಟಿ ಹಾಡತೊಡಗಿತು.

"ಇನ್ನು ಗೋಡೆಗೆ ಹಾಕಿ," ಎಂದು ಅವಳು ದಾರಿ ಬಿಟ್ಟಳು.

ಅವನು ಪ್ಲಗ್ಗು ಕಿತ್ತು ಗೋಡೆಯವರೆಗೂ ಹೋದ. ಅಲ್ಲೇ ನಿಂತ. ತಿರುಗಿ ಬಂದು ಹಲಗೆಗೇ ಚುಚ್ಚಿದ.

"ಇನ್ನೊಂದ್ಸಲ ನೋಡ್ಬಿಡೋಣ."